ದಾಳಿಂಬೆ ಸಸಿಗೆ ಸೀರೆ ಉಡಿಸಿದೆ, ನನ್ನ ಕುತ್ತಿಗೆ ಮರೆತೆ

2014ರ ಮೇ ತಿಂಗಳು. ಬಾಗಲಕೋಟೆಯಲ್ಲಿ ತೋಟಗಾರಿಕೆ ಪದವಿ ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸಕ್ಕೆ ಸೇರಿದ ಕಂಪನಿಯವರು ನನ್ನನ್ನ ಸೀದಾ ರಾಜಸ್ಥಾನದ ಬಾರ್ಮೇರ್ ಜಿಲ್ಲೆಗೆ ಕಳಿಸಿದ್ರು. ಥಾರ್ ಮರುಭೂಮಿಯಲ್ಲಿ ಆಗ ಡ್ರಿಪ್ ಹಾಕಿಸಿ ದಾಳಿಂಬೆ ಹಚ್ಚೋ ಹುಮ್ಮಸ್ಸು ಜೋರಾಗಿತ್ತು. ನನ್ನ ಕೆಲಸ, ಹಿಂದಿನ ಮಳೆಗಾಲದಲ್ಲಿ ನೆಟ್ಟ ಟಿಶ್ಯೂ ಕಲ್ಚರ್ ಸಸಿಗಳನ್ನ ಆ ಬೇಸಿಗೆ ದಾಟಿಸೋದು. ತೂಕದ ಲೆಕ್ಕದಲ್ಲಿ ತಂದ ಹಳೆ ಸೀರೆಗಳನ್ನ ಗೂಟಕ್ಕೆ ಕಟ್ಟಿ, ಪಶ್ಚಿಮದ ಬಿಸಿಲು, ಬಿಸಿಗಾಳಿ ಸಸಿಗೆ ತಾಗದ ಹಾಗೆ ಮರೆ ಮಾಡ್ತಿದ್ವಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಅದೇ ಕೆಲಸ. ಮೈಮೇಲೆ ಏನಿತ್ತು ಅಂದ್ರೆ, ಒಂದು ಟೀ ಶರ್ಟು, ತಲೆಗೆ ಕಂಪನಿ ಕೊಟ್ಟ ಕ್ಯಾಪು.

ಮೂರನೇ ದಿನ ತೋಟದ ಯಜಮಾನರ ತಂದೆ ಬಂದು ನಿಂತ್ರು. ಎಪ್ಪತ್ತರ ಹತ್ತಿರದ ಅಜ್ಜ, ಎಲ್ಲರೂ ಬಾಬಾ ಅಂತಿದ್ರು. ಸಸಿ ನೋಡಿದ್ರು, ಆಮೇಲೆ ನನ್ನ ಕುತ್ತಿಗೆ ನೋಡಿದ್ರು. ಅಷ್ಟರಲ್ಲಿ ಅಲ್ಲಿ ಬೊಬ್ಬೆ ಎದ್ದು ಒಡೆದು ಕಾಲರ್‌ಗೆ ಅಂಟಿಕೊಂಡಿತ್ತು. ತಮ್ಮ ಮಾರವಾಡಿ ಬೆರೆತ ಹಿಂದಿಯಲ್ಲಿ, "ಗಿಡಕ್ಕೆ ಸೀರೆ ಉಡಿಸಿ ನೀನು ಬತ್ತಲೆ ನಿಂತೀಯಲ್ಲ ಮಗಾ" ಅಂದ್ರು. ಕೂಲಿ ಹೆಣ್ಮಕ್ಕಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದು ಇನ್ನೂ ನೆನಪಿದೆ.

ಅವತ್ತು ನನಗೆ ನಾಚಿಕೆ ಆಗಿದ್ದಕ್ಕಿಂತ ಸಿಟ್ಟು ಬಂದಿತ್ತು. ನಮ್ಮ ಕಡೆ ಬಿಸಿಲಿಗೆ ಸುಟ್ಟುಕೊಳ್ಳೋದು ಗಂಡಸುತನದ ಲೆಕ್ಕ. ಹಿಮ್ಮಡಿ ಒಡೆದಿಲ್ಲ ಅಂದ್ರೆ "ಇವನೇನು ಒಕ್ಕಲುತನ ಮಾಡ್ತಾನೆ" ಅಂತ ಆಡಿಕೊಳ್ತಾರೆ. ಇವತ್ತು ಕುಷ್ಟಗಿ ಕಡೆ ನನ್ನದೇ ಸಾವಯವ ತೋಟ ಮಾಡಿಕೊಂಡು ಇಷ್ಟು ವರ್ಷ ಆದ ಮೇಲೆ ನಾನು ಹೇಳೋದು ಬೇರೆ. ಚರ್ಮದ ಕಾಳಜಿ ಶೋಕಿ ಅಲ್ಲ. ಅದು ಒಕ್ಕಲುತನದ ಖರ್ಚು-ವೆಚ್ಚದಲ್ಲಿ ಬರೋ ವಿಷಯ. ಪಂಪ್‌ಸೆಟ್ಟಿಗೆ ಶೆಡ್ಡು ಕಟ್ಟೋ ನಾವು ಮೈಗೆ ಯಾಕೆ ಕಟ್ಟಲ್ಲ ಅನ್ನೋದು ನನ್ನ ತಕರಾರು.

ಮೊದಲು ಮರುಭೂಮಿ ಚರ್ಮಕ್ಕೆ ಏನು ಮಾಡುತ್ತೆ ಅನ್ನೋದು ತಿಳಿದುಕೊಳ್ಳೋಣ. ಅಲ್ಲಿ ಮೇ ತಿಂಗಳ ಮಧ್ಯಾಹ್ನ 45 ಡಿಗ್ರಿ ದಾಟೋದು ಸಾಮಾನ್ಯ. ಅದೇ ಥಾರ್ ಪ್ರದೇಶದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಯ್ತು. ಆದ್ರೆ ಚರ್ಮಕ್ಕೆ ಪೆಟ್ಟು ಕೊಡೋದು ಶಾಖ ಒಂದೇ ಅಲ್ಲ, ಒಣಗಾಳಿ. ಎಲೆಯ ಮೇಲೆ ಮೇಣದ ಪದರ ಇರುತ್ತಲ್ಲ, ಹಾಗೇ ನಮ್ಮ ಚರ್ಮದ ಮೇಲ್ಪದರದಲ್ಲಿ ಕೊಬ್ಬಿನಂಶ ಇದೆ. ಒಳಗಿನ ನೀರು ಹೊರಗೆ ಹೋಗದ ಹಾಗೆ ಅದು ಹಿಡಿದಿಡುತ್ತೆ. ಗಾಳಿ ಒಣಗಿದಷ್ಟೂ ನೀರು ಎಳೆದುಕೊಳ್ಳೋದು ಜಾಸ್ತಿ. ಗಿಡ ಆದ್ರೆ ಮಧ್ಯಾಹ್ನ ಪತ್ರರಂಧ್ರ ಮುಚ್ಚಿ ಸುಮ್ಮನಾಗುತ್ತೆ. ನಮಗೆ ಮುಚ್ಚೋಕೆ ಬರಲ್ಲ. ಬೆವರಲೇಬೇಕು, ಇಲ್ಲಾಂದ್ರೆ ಪ್ರಾಣಕ್ಕೇ ಕುತ್ತು.

ಎರಡನೇದು, ಮೇಲಿನ ಬಿಸಿಲಿನ ಜೊತೆಗೆ ಕೆಳಗಿನ ಬಿಸಿಲು. ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ ಸುಮಾರು ಶೇ. 15ರಷ್ಟನ್ನ ವಾಪಸ್ ಎಸೆಯುತ್ತೆ. ಹಾಗಾಗಿ ಕ್ಯಾಪ್ ಹಾಕಿದ್ರೂ ಗದ್ದದ ಕೆಳಗೆ, ಮೂಗಿನ ಕೆಳಗೆ, ಕೆಳತುಟಿಗೆ ಸುಡುತ್ತೆ. ಕ್ಯಾಪು ಕಿವಿಯನ್ನೂ ಕುತ್ತಿಗೆಯನ್ನೂ ಕಾಯಲ್ಲ. ನನ್ನ ಕುತ್ತಿಗೆಗೆ ಆಗಿದ್ದು ಅದೇ.

ಬಾಬಾ ಅವತ್ತು ಸಂಜೆ ಒಂದು ಹಳೆ ಸಾಫಾ ಕೊಟ್ಟು ಸುತ್ತೋದು ಕಲಿಸಿದ್ರು. ಎಂಟೊಂಬತ್ತು ಮೀಟರ್ ತೆಳು ಹತ್ತಿ ಬಟ್ಟೆ. ಪದರದ ಮೇಲೆ ಪದರ ಬರೋದ್ರಿಂದ ನಡುವೆ ಗಾಳಿ ನಿಲ್ಲುತ್ತೆ, ತಲೆಗೆ ಶಾಖ ಇಳಿಯಲ್ಲ. ಒಂದು ತುದಿ ಕುತ್ತಿಗೆ ಮೇಲೆ ಇಳಿಬಿಡಬೇಕು. ಆಂಧಿ, ಅಂದ್ರೆ ಮರಳುಗಾಳಿ ಎದ್ದಾಗ ಅದನ್ನೇ ಮೂಗು-ಬಾಯಿಗೆ ಸುತ್ತಬೇಕು. ಮೈಗೆ ಸಡಿಲವಾದ ಪೂರ್ತಿ ತೋಳಿನ ಬಿಳಿ ಅಂಗಿ, ಕೆಳಗೆ ಧೋತಿ. ಮೊದಮೊದಲು ನನಗೆ ಅನ್ನಿಸಿದ್ದು, ಇಷ್ಟು ಬಟ್ಟೆ ಹಾಕಿದ್ರೆ ಸೆಖೆಗೆ ಸತ್ತೇಹೋಗ್ತೀನಿ ಅಂತ. ಒಂದು ವಾರದಲ್ಲಿ ತಿಳೀತು, ಒಣ ಸೀಮೆಯಲ್ಲಿ ಸಡಿಲ ಬಟ್ಟೆಯೊಳಗೆ ಬೆವರು ಆರುವಾಗಲೇ ಮೈ ತಂಪಾಗುತ್ತೆ. ಬರಿಮೈಯಲ್ಲಿ ನಿಂತ್ರೆ ಬೆವರಿನ ತಂಪಿಗಿಂತ ಬಿಸಿಗಾಳಿ, ಬಿಸಿಲಿನ ಶಾಖವೇ ಜಾಸ್ತಿ.

ಇದನ್ನೆಲ್ಲ ಕೇಳಿ ರಾಜಸ್ಥಾನದ ವಿಶೇಷ ಅಂದುಕೊಳ್ಳಬೇಡಿ. ನಮ್ಮ ಕೊಪ್ಪಳ, ರಾಯಚೂರು, ವಿಜಯಪುರ ಕಡೆ ಅಜ್ಜಂದಿರು ರುಮಾಲು ಸುತ್ತುತ್ತಿದ್ದಿದ್ದು ಜಾತ್ರೆಗೆ ಅಲ್ಲ, ಹೊಲಕ್ಕೆ. ಧೋತರ, ನೆಹರು ಶರ್ಟು, ರುಮಾಲು, ಅದೇ ಲೆಕ್ಕಾಚಾರ. ನಮ್ಮ ತಲೆಮಾರು ರುಮಾಲು ಬಿಟ್ಟು ಕ್ರಿಕೆಟ್ ಕ್ಯಾಪಿಗೆ ಬಂತು. ನಾವು ಕಳೆದುಕೊಂಡಿದ್ದು ಕಿವಿ, ಕುತ್ತಿಗೆ ಎರಡನ್ನೂ. ನಮ್ಮಲ್ಲಿ ಕೂಲಿಗೆ ಬರೋ ಹೆಣ್ಮಕ್ಕಳು ಸೀರೆ ಮೇಲೆ ಗಂಡನ ಹಳೆ ತುಂಬುತೋಳಿನ ಅಂಗಿ ಹಾಕ್ಕೊಂಡು, ತಲೆಗೆ ಟವೆಲ್ ಕಟ್ಟಿಕೊಂಡು ಬರ್ತಾರಲ್ಲ, ಅವರೇ ನಮಗಿಂತ ಶಾಣ್ಯಾರು.

ಬಟ್ಟೆ ಆರಿಸುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಬಟ್ಟೆಯನ್ನ ಬಿಸಿಲಿಗೆ ಹಿಡಿದು ನೋಡಿ. ಆಚೆ ಕಡೆ ಬೆಳಕು ಚೆನ್ನಾಗಿ ಕಾಣ್ತಾ ಇದ್ರೆ ಕಿರಣವೂ ದಾಟುತ್ತೆ ಅಂತ ಅರ್ಥ. ಒತ್ತಾಗಿ ನೇಯ್ದ ಬಟ್ಟೆ ಬೇಕು, ಆದ್ರೆ ಮೈಗೆ ಅಂಟಬಾರದು. ಹತ್ತಿ ಬಟ್ಟೆ ಒದ್ದೆಯಾದ್ರೆ ಬಿಸಿಲು ತಡೆಯೋ ಶಕ್ತಿ ಕಡಿಮೆ ಆಗುತ್ತೆ, ಹಾಗಾಗಿ ಹೆಗಲಿಗೆ ಒಂದೇ ಪದರ ಒದ್ದೆ ಟವೆಲ್ ಹಾಕಿಕೊಂಡು ಸಾಕು ಅಂದುಕೊಳ್ಳಬೇಡಿ. ಎರಡು ಪದರ ಇರಲಿ.

ಈಗ ಸನ್‌ಸ್ಕ್ರೀನ್ ವಿಷಯ. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ದಿನಾ ನೋಡ್ತೀರಿ, ಗೊತ್ತು. ನಾನು ಅದರ ವಿರೋಧಿ ಅಲ್ಲ. ಎಸ್‌ಪಿಎಫ್ 30 ಇರೋದನ್ನ ಸರಿಯಾಗಿ ಹಚ್ಚಿದ್ರೆ ಚರ್ಮ ಸುಡಿಸೋ ಕಿರಣದಲ್ಲಿ ಸುಮಾರು ಶೇ. 97ರಷ್ಟು ತಡೆಯುತ್ತೆ. ತೊಡಕಿರೋದು 'ಸರಿಯಾಗಿ' ಅನ್ನೋ ಮಾತಿನಲ್ಲಿ. ಮುಖ, ಕಿವಿ, ಕುತ್ತಿಗೆ, ಎರಡು ಮುಂಗೈಗೆ ಹಚ್ಚೋಕೆ ಹತ್ತಿರ ಹತ್ತಿರ 3-4 ಗ್ರಾಂ ಬೇಕು. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಅಂದ್ರೂ 50 ಗ್ರಾಂ ಟ್ಯೂಬು ವಾರಕ್ಕೆ ಖಾಲಿ. ತಿಂಗಳಿಗೆ ನಾಲ್ಕು ಟ್ಯೂಬಿನ ದುಡ್ಡಲ್ಲಿ ಎರಡು ಒಳ್ಳೆ ಅಂಗಿ, ಎರಡು ಟವೆಲ್ ಬರುತ್ತೆ, ಅವು ಎರಡು ವರ್ಷ ಬಾಳ್ತವೆ. ಅದಕ್ಕೇ ಹೇಳೋದು, ಮೊದಲು ಬಟ್ಟೆ, ಆಮೇಲೆ ಕೆಲಸದ ಹೊತ್ತು, ಮೂರನೇದು ಕ್ರೀಮು. ಬಟ್ಟೆ ಮುಚ್ಚದ ಜಾಗಕ್ಕೆ, ಅಂದ್ರೆ ಮೂಗು, ಕೆನ್ನೆ, ಕಿವಿ, ಅಂಗೈ ಹಿಂಭಾಗಕ್ಕೆ ಮಾತ್ರ ಹಚ್ಚಿದ್ರೆ ಟ್ಯೂಬು ತಿಂಗಳು ಬರುತ್ತೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋದ್ರೆ ಬಿಸಿಲು ತಡೆಯುತ್ತೆ ಅನ್ನೋದನ್ನ ನಂಬಬೇಡಿ. ಒಣಗಿದ ಚರ್ಮಕ್ಕೆ ರಾತ್ರಿ ಅದು ಒಳ್ಳೆಯದು, ಬಿಸಿಲಿಗೆ ಅಡ್ಡ ನಿಲ್ಲೋ ಶಕ್ತಿ ಅದಕ್ಕಿಲ್ಲ.

ಕೆಲಸದ ಹೊತ್ತಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಯ್ತು ಅಂದ್ರೆ ಕಿರಣ ಜೋರಾಗಿದೆ ಅಂತ ಅರ್ಥ, ಮೊಬೈಲ್ ಆ್ಯಪ್ ನೋಡೋ ಅಗತ್ಯ ಇಲ್ಲ. ಬಾರ್ಮೇರ್‌ನಲ್ಲಿ ಬೇಸಿಗೆ ಕೆಲಸ ಬೆಳಿಗ್ಗೆ ಐದೂವರೆಗೇ ಶುರು. ಬಿಸಿಲೇರಿದ ಮೇಲೆ ಎಲ್ಲರೂ ಖೇಜ್ರಿ ಮರದ ನೆರಳಿಗೆ. ಛಾಸ್, ಈರುಳ್ಳಿ, ಸಜ್ಜೆ ರೊಟ್ಟಿ. ಕಂಪನಿ ವೇಳಾಪಟ್ಟಿ ಹಿಡಿದು 9ಕ್ಕೆ ಕೆಲಸ ಶುರು ಮಾಡಿಸ್ತಿದ್ದವನು ನಾನೊಬ್ಬನೇ ದಡ್ಡ. ಈಗ ನಮ್ಮ ತೋಟದಲ್ಲಿ ಏಪ್ರಿಲ್-ಮೇನಲ್ಲಿ 6ರಿಂದ 11, ಬೇಕಿದ್ರೆ ಸಂಜೆ 4ರ ಮೇಲೆ ಒಂದೆರಡು ತಾಸು. ಪಗಾರ ಕಡಿತ ಇಲ್ಲ. "ಹೊತ್ತು ಕಡಿಮೆ ಆಯ್ತಲ್ಲ, ನಷ್ಟ ಆಗಲ್ವಾ?" ಅಂತ ಪಕ್ಕದ ಹೊಲದವರು ಕೇಳ್ತಾರೆ. ಮಧ್ಯಾಹ್ನ 1 ಗಂಟೆಗೆ ಆಳು ಎಷ್ಟು ಕೆಲಸ ಮಾಡ್ತಾರೆ ಅಂತ ನಿಂತು ನೋಡಿದವರು ಈ ಪ್ರಶ್ನೆ ಕೇಳಲ್ಲ. ಮತ್ತೆ, ಯಾರಾದ್ರೂ ಬಿಸಿಲಲ್ಲಿ ತೊದಲೋಕೆ, ತಡವರಿಸೋಕೆ ಶುರು ಮಾಡಿದ್ರೆ, ಮೈ ಕೆಂಡದ ಹಾಗೆ ಸುಡ್ತಿದ್ರೆ, ಅದು ಚರ್ಮದ ಮಾತಲ್ಲ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಹಾಕ್ತಾ 108ಕ್ಕೆ ಫೋನ್ ಮಾಡಿ.

ಮರುಭೂಮಿಯಲ್ಲಿ ನನಗೆ ಆಶ್ಚರ್ಯ ಆಗಿದ್ದು ಡಿಸೆಂಬರ್. ಬೇಸಿಗೆಗಿಂತ ಆಗಲೇ ಚರ್ಮ ಜಾಸ್ತಿ ಒಡೆದಿದ್ದು. ಥಂಡಿ, ಒಣಗಾಳಿ, ಬೆವರೂ ಇಲ್ಲ, ಸಾಲದ್ದಕ್ಕೆ ಬಿಸಿಬಿಸಿ ನೀರಿನ ಸ್ನಾನ. ಬೋರ್‌ವೆಲ್ ನೀರು ಅಲ್ಲಿ ಉಪ್ಪು, ಗಡಸು. ಸೋಪು ನೊರೆ ಬರಲ್ಲ, ಅದರ ಜಿಡ್ಡು ಮೈಮೇಲೆ ಉಳಿದು ನವೆ. ನಮ್ಮ ಕಡೆ ಬೋರ್‌ವೆಲ್ ನೀರೂ ಇದಕ್ಕಿಂತ ತೀರಾ ಬೇರೆ ಏನಲ್ಲ ಬಿಡಿ. ಹಿಮ್ಮಡಿ ಎಷ್ಟು ಆಳಕ್ಕೆ ಒಡೆದಿತ್ತು ಅಂದ್ರೆ ಗಾಯದಲ್ಲಿ ಮರಳು ಸೇರಿ ಕೀವಾಗಿ ಹತ್ತು ದಿನ ಚಪ್ಪಲಿ ಹಾಕೋಕಾಗಲಿಲ್ಲ.

ಅಲ್ಲಿನ ಸರ್ಕಾರಿ ದವಾಖಾನೆ ಡಾಕ್ಟ್ರು ಬರೆದುಕೊಟ್ಟ ಮುಲಾಮು ಏನು ಗೊತ್ತೇ? ಯೂರಿಯಾ! ಹೌದ್ರಿ, ಯೂರಿಯಾ ಕ್ರೀಮು. ಹೊಲಕ್ಕೆ ಹಾಕೋ ಯೂರಿಯಾದ ರಾಸಾಯನಿಕವೇ ಅದರಲ್ಲಿರೋದು. ಒರಟು ಚರ್ಮ ಮೆದು ಮಾಡುತ್ತೆ, ನೀರು ಹಿಡಿದಿಡುತ್ತೆ. ನಮ್ಮ ಚರ್ಮದಲ್ಲೇ ಸ್ವಾಭಾವಿಕವಾಗಿ ಅದು ಸ್ವಲ್ಪ ಇರುತ್ತೆ. ಸಾವಯವ ರೈತ ಅಂತ ಬೋರ್ಡ್ ಹಾಕಿಕೊಂಡ ನಾನು ಹೊಲಕ್ಕೆ ಒಂದು ಕಾಳು ಯೂರಿಯಾ ಹಾಕಲ್ಲ, ಆದ್ರೆ ಚಳಿಗಾಲದಲ್ಲಿ ರಾತ್ರಿ ಹಿಮ್ಮಡಿಗೆ ಹಚ್ಚಿಕೊಂಡೇ ಮಲಗ್ತೀನಿ. ಗೆಳೆಯರು ನಗ್ತಾರೆ. ಒಂದು ಎಚ್ಚರಿಕೆ, ಗೊಬ್ಬರದ ಚೀಲದಿಂದ ತೆಗೆದು ನೀರಲ್ಲಿ ಕಲಸಿ ಹಚ್ಚೋ ಸಾಹಸ ಬೇಡ. ಔಷಧಿ ಅಂಗಡಿಯ ಕ್ರೀಮೇ ತಗೊಳ್ಳಿ, ಸಾಮಾನ್ಯವಾಗಿ 10ರಿಂದ 20 ಪರ್ಸೆಂಟಿಂದು ಸಾಕು. ಬಿರುಕಿನಲ್ಲಿ ರಕ್ತ, ಕೀವು ಇದ್ರೆ ಅದು ಉರಿಯುತ್ತೆ, ಮೊದಲು ಗಾಯ ಮಾಯಲಿ.

ದುಡ್ಡಿಲ್ಲದವರಿಗೂ ದಾರಿ ಇದೆ. ಚರ್ಮದಿಂದ ನೀರು ಹೊರಹೋಗೋದನ್ನ ತಡೆಯೋದ್ರಲ್ಲಿ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನ ಮೀರಿಸೋ ದುಬಾರಿ ಕ್ರೀಮು ಸಿಗೋದು ಕಷ್ಟ. ಆದ್ರೆ ಹಚ್ಚೋ ಹೊತ್ತು ಮುಖ್ಯ. ಒಣಗಿದ ಮಣ್ಣಿಗೆ ಮಲ್ಚಿಂಗ್ ಶೀಟ್ ಹಾಸಿದ್ರೆ ಏನು ಉಪಯೋಗ? ನೀರು ಬಿಟ್ಟ ಮೇಲೆ ಹಾಸಬೇಕು. ಹಾಗೇ ಸ್ನಾನ ಆದ ಕೂಡಲೇ, ಮೈ ಇನ್ನೂ ತೇವ ಇರುವಾಗಲೇ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬೇಕು. ನೀರು ಉಗುರುಬೆಚ್ಚಗೆ ಸಾಕು. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಸಾಕು, ಒಣ ಕಾಲದಲ್ಲಿ ಇಡೀ ಮೈಗೆ ದಿನಾ ತಿಕ್ಕಬೇಕಿಲ್ಲ. ಯಾವುದೇ ಔಷಧಿ ಹೊಡೆದ ದಿನ ಮಾತ್ರ ಈ ಮಾತು ನಡೆಯಲ್ಲ. ಅವತ್ತು ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ಧಾರಾಳ ನೀರಲ್ಲಿ ತೊಳೀಬೇಕು, ಬಟ್ಟೆ ಬೇರೆ ಒಗೀಬೇಕು.

ಮುಲ್ತಾನಿ ಮಿಟ್ಟಿ ಬಗ್ಗೆಯೂ ಒಂದು ಮಾತು. ಅದನ್ನ ಅಗೆಯೋ ಗಣಿಗಳು ಬಾರ್ಮೇರ್ ಜಿಲ್ಲೆಯಲ್ಲೇ ಇವೆ. ಎಣ್ಣೆ ಹೀರೋದೇ ಆ ಮಣ್ಣಿನ ಗುಣ. ಮುಖದಲ್ಲಿ ಎಣ್ಣೆ ಜಾಸ್ತಿ ಇರೋರಿಗೆ ಸರಿ, ಒಣ ಸೀಮೆಯಲ್ಲಿ ಬಿಸಿಲಿಗೆ ಬೆಂದ ಚರ್ಮಕ್ಕೆ ಹಚ್ಚಿದ್ರೆ ಇದ್ದ ಅಲ್ಪಸ್ವಲ್ಪ ಜಿಡ್ಡೂ ಹೋಗುತ್ತೆ. ನಿಂಬೆಹಣ್ಣು ತಿಕ್ಕೋದು ಇನ್ನೂ ಕೆಟ್ಟದ್ದು. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ರೆ ಬೊಬ್ಬೆ ಎದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ನಿಂಬೆ ಕೊಯ್ಯೋರು ಕೈ ತೊಳೆದೇ ಬಿಸಿಲಿಗೆ ಹೋಗಿ.

ನಮ್ಮ ಸಾವಯವದವರಿಗೂ ಸ್ವಲ್ಪ ಕಹಿ ಹೇಳ್ತೀನಿ, ಸಿಟ್ಟಾಗಬೇಡಿ. ಸಾವಯವ ಅಂದ್ರೆ ಮೈಗೆ ಏನೂ ಆಗಲ್ಲ ಅನ್ನೋ ಭ್ರಮೆ ನಮ್ಮಲ್ಲಿದೆ. ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬಿರುಕು ಬಿಟ್ಟ ಕೈಗೆ ಸುಣ್ಣ ತಾಗಿದ್ರೆ ಸಿಮೆಂಟ್ ಕೆಲಸದವರ ಕೈ ಹಾಗೆ ತಿನ್ನುತ್ತೆ. ಅಗ್ನಿಅಸ್ತ್ರದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ತಂಬಾಕು ಇರುತ್ತೆ, ಅದರ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತೆ. ತಲೆಸುತ್ತು, ವಾಂತಿ ಬಂದ್ರೆ 'ಬಿಸಿಲಿಗೆ' ಅಂತ ಹೇಳಿ ಕೈತೊಳೆದುಕೊಳ್ತೀವಿ. ಕಲಸುವಾಗಲೂ ಹೊಡೆಯುವಾಗಲೂ ರಬ್ಬರ್ ಕೈಗವಸು ಬೇಕೇ ಬೇಕು, ದ್ರಾವಣ ಜೀವಾಮೃತ ಅಲ್ಲದಿದ್ರೆ ಅಂತೂ ಖಂಡಿತ.

'ಬಿಸಿಲಿಗೆ' ಅನ್ನೋ ಈ ಒಂದು ಮಾತು ನಮ್ಮ ಮನೆಯಲ್ಲಿ ಎರಡು ವರ್ಷ ತಿಂದಿದೆ. ನಾನು ಊರಿಗೆ ವಾಪಸ್ ಬಂದಾಗ ಜೊತೆಗೆ ನಿಂತು ತೋಟ ಕಟ್ಟಿದ್ದು ನಮ್ಮ ಕಾಕಾ. 2019ರ ಹೊತ್ತಿಗೆ ಅವರ ಕುತ್ತಿಗೆ, ರೆಪ್ಪೆ, ಮೊಣಕೈ ಮಡಿಕೆಯಲ್ಲಿ ತುರಿಕೆ, ಬಾವು. ಚರ್ಮ ದಪ್ಪಗಾಗಿ ಎಮ್ಮೆ ತೊಗಲಿನ ಹಾಗೆ ಆಯ್ತು. ನಾನು, ಮರುಭೂಮಿ ನೋಡಿ ಬಂದ ದೊಡ್ಡ ಶಾಣ್ಯಾ, "ಬಿಸಿಲಿಗೆ ಆಗಿದ್ದು ಕಾಕಾ, ಟವೆಲ್ ಸುತ್ತಿಕೊಳ್ರಿ" ಅಂದೆ. ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೇ ಒಂದು ಟ್ಯೂಬು ಕೊಟ್ರು. ಎರಡೇ ದಿನದಲ್ಲಿ ಮಾಯ! ಬಿಟ್ರೆ ವಾರದಲ್ಲಿ ದುಪ್ಪಟ್ಟು. ಹೀಗೇ ಟ್ಯೂಬಿನ ಮೇಲೆ ಟ್ಯೂಬು. ಅದರಲ್ಲಿ ಜೋರಾದ ಸ್ಟೆರಾಯ್ಡ್ ಇದ್ದಿದ್ದು ನಮಗೆ ಗೊತ್ತಾಗಿದ್ದು ಮುಖದ ಚರ್ಮ ತೆಳುವಾಗಿ, ಕೆಂಪು ನರ ಕಾಣೋಕೆ ಶುರುವಾದ ಮೇಲೆ. ಅಂಥ ಮುಲಾಮನ್ನ ಡಾಕ್ಟರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಊರಲ್ಲಿ ಮಾತ್ರ ಬಿಸ್ಕತ್ತಿನ ಹಾಗೆ ಸಿಗುತ್ತೆ. ಹೆಸರಿಲ್ಲದ 'ಬೆಳ್ಳಗಾಗೋ' ಕ್ರೀಮುಗಳಲ್ಲೂ ಇದೇ ಮಾಲು ಇರುತ್ತೆ, ಗಜಕರ್ಣಕ್ಕೆ ಇದನ್ನ ಹಚ್ಚಿದ್ರೆ ರೋಗ ಇನ್ನೂ ಹಬ್ಬುತ್ತೆ.

ಕೊನೆಗೆ ಹುಬ್ಬಳ್ಳಿಗೆ ಕರ್ಕೊಂಡು ಹೋದ್ವಿ. ಚರ್ಮದ ಡಾಕ್ಟ್ರು ಕಾಕಾನ ಗದ್ದ ಎತ್ತಿಸಿ ನೋಡಿದ್ರು, ಕಿವಿ ಹಿಂದೆ ನೋಡಿದ್ರು, ಕಣ್ಣು ಮುಚ್ಚಿಸಿ ರೆಪ್ಪೆ ನೋಡಿದ್ರು. "ಬಿಸಿಲು ಇಲ್ಲೆಲ್ಲ ಬೀಳಲ್ಲ ಅಲ್ವಾ, ಆದ್ರೂ ಯಾಕೆ ಆಗಿದೆ? ಗಾಳಿಯಲ್ಲಿ ಹಾರಿ ಬರೋದು ಮಾತ್ರ ಇಲ್ಲಿ ಕೂರೋಕೆ ಸಾಧ್ಯ" ಅಂದ್ರು. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡೋ ಪ್ಯಾಚ್ ಟೆಸ್ಟ್ ಮಾಡಿಸಿದ್ರು. ಕಾಂಗ್ರೆಸ್ ಹುಲ್ಲು, ಅಂದ್ರೆ ಪಾರ್ಥೇನಿಯಂ. ಬೇಸಿಗೆಯಲ್ಲಿ ಅದು ಒಣಗಿ ಪುಡಿಯಾಗಿ ಗಾಳಿಯಲ್ಲಿ ತೇಲುತ್ತೆ. ಒಮ್ಮೆ ಅಲರ್ಜಿ ಹತ್ತಿತು ಅಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ. ಮುಟ್ಟಬೇಕಂತಿಲ್ಲ, ಹುಲ್ಲಿರೋ ಬದುವಿನ ಪಕ್ಕ ಹಾದು ಹೋದ್ರೂ ಸಾಕು. ನಾನು ಸಾವಯವ ಅಂತ ಕಳೆನಾಶಕ ಹೊಡೀದೆ ಬದುವಿನ ಮೇಲೆ ಬಿಟ್ಟಿದ್ದು, ಕಾಂಪೋಸ್ಟಿಗೆ ಅಂತ ಅವರ ಕೈಲೇ ಬರಿಗೈಲಿ ಕೀಳಿಸಿದ್ದು ಅದೇ ಹುಲ್ಲು. ಕಾಕಾ ತಮ್ಮ ಪಾಲಿನ ಹೊಲ ಲಾವಣಿಗೆ ಕೊಟ್ರು. ನನ್ನನ್ನ ಒಂದು ಮಾತೂ ಅನ್ನಲಿಲ್ಲ.

ಅದಕ್ಕೇ ಈ ಲೇಖನ ಬರೆದಿದ್ದು. ಚರ್ಮದಲ್ಲಿ ಏನೇ ಆದ್ರೂ ಬಿಸಿಲಿನ ತಲೆಗೆ ಕಟ್ಟಬೇಡಿ. ಬಟ್ಟೆ ಮುಚ್ಚಿದರೂ, ನೆರಳಲ್ಲಿದ್ದರೂ ಎರಡು ವಾರದಲ್ಲಿ ಇಳಿಯದ ತುರಿಕೆ. ಮೂರು ನಾಲ್ಕು ವಾರವಾದ್ರೂ ಮಾಯದ, ಮುಟ್ಟಿದ್ರೆ ರಕ್ತ ಬರೋ ಗಾಯ, ಅದ್ರಲ್ಲೂ ಕೆಳತುಟಿ, ಕಿವಿ ಮೇಲೆ. ಬೆವರದ, ಚಿವುಟಿದ್ರೂ ಗೊತ್ತಾಗದ ತಿಳಿ ಬಣ್ಣದ ಮಚ್ಚೆ. ಇವುಗಳಲ್ಲಿ ಯಾವುದಿದ್ರೂ ಡಾಕ್ಟ್ರಿಗೆ ತೋರಿಸಿ. ಕೊನೆಯದು ಕುಷ್ಠ ಇರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಮಾತ್ರೆ ಪುಕ್ಕಟೆ, ಬೇಗ ಶುರು ಮಾಡಿದ್ರೆ ಪೂರ್ತಿ ವಾಸಿಯಾಗುತ್ತೆ. ಮೊಬೈಲಲ್ಲಿ ವಾರಕ್ಕೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಎಲೆಯ ಚುಕ್ಕಿ ರೋಗಕ್ಕೆ ತೆಗೀತೀವಲ್ಲ, ಹಾಗೆ. ದಿನಾಂಕ ಸಮೇತ ತೋರಿಸಿದ್ರೆ ಡಾಕ್ಟ್ರಿಗೂ ಸಲೀಸು.

ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಕಾಂಗ್ರೆಸ್ ಹುಲ್ಲು ಬದುವಿನ ಮೇಲೆ ಏಳುತ್ತೆ. ಹೂ ಬಿಡೋ ಮುಂಚೆ, ನೆಲ ಹಸಿ ಇರುವಾಗ, ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಬೇರುಸಹಿತ ಕಿತ್ತುಬಿಡಿ. ಒಣಗಿದ್ದನ್ನ ಕೊಚ್ಚಬೇಡಿ, ಪುಡಿ ಎಲ್ಲರ ಮೈಗೆ ಹಾರುತ್ತೆ. ನಮ್ಮ ತೋಟದ ಸುತ್ತ ಈ ಸಲವೂ ನಾನು, ಇನ್ನಿಬ್ಬರು ಹುಡುಗರು ಸೇರಿ ಕೀಳ್ತೀವಿ. ಕಾಕಾ ಊರ ಕಟ್ಟೆ ಮೇಲೆ ಕೂತು ಫೋನ್ ಮಾಡಿ ಯಾವ ಬದು ಮುಗೀತು ಅಂತ ಕೇಳ್ತಾರೆ.